ಕೊಂಡು ತಿಂದ ಅನ್ನದ ಋಣ

ಹಣ ತೆತ್ತು ಉಂಡವನಿಗೆ ಉಣಬಡಿಸಿದವನ ಋಣ ಉಳಿಯುತ್ತದೆಯೇ? ನೆಂಟರ ಮನೆಯಲ್ಲಿ, ದೇವಸ್ಥಾನದ ಪಂಕ್ತಿಯಲ್ಲಿ ಉಂಡದ್ದಕ್ಕೆ ಋಣವುಂಟೆಂದು ನಮ್ಮ ಹಿರಿಯರು ನಂಬಿದ್ದರು. ಅಂಗಡಿಯಲ್ಲಿ ಕೊಂಡು ತಿಂದದ್ದಕ್ಕೆ ಲೆಕ್ಕ ಅಲ್ಲಿಗೇ ಚುಕ್ತಾ ಎಂಬುದು ಲೋಕರೂಢಿ. ಈ ರೂಢಿಯನ್ನು ಪರೀಕ್ಷಿಸಲು ನಾವು ದೂರದ ಒಂದು ತಿಂಡಿಯನ್ನು ಆರಿಸಿಕೊಂಡಿದ್ದೇವೆ. ಮಕ್ಕಳು ಸಿಂಗಪುರದಲ್ಲಿ ನೆಲೆಸಿರುವ ಸಂಘದ ಸದಸ್ಯರಿಗೆ ಇದರ ರುಚಿ ಗೊತ್ತಿರಲೂಬಹುದು.

ಚೀ ಚೊಂಗ್ ಫನ್ ಎಂಬುದು ದಕ್ಷಿಣ ಚೀನದ ಕ್ಯಾಂಟನ್ ಸೀಮೆಯ ವಲಸೆಗಾರರೊಡನೆ ಸಿಂಗಪುರ, ಮಲೇಷ್ಯಗಳಿಗೆ ಬಂದ ಅಕ್ಕಿಹಿಟ್ಟಿನ ಸುರುಳಿ. ಹೆಸರಿನ ಅರ್ಥ ಹಂದಿಯ ಕರುಳಿನ ಶಾವಿಗೆ ಎಂದು. ಕೇಳಿದೊಡನೆ ನಮ್ಮಲ್ಲಿ ಅರ್ಧ ಮಂದಿ ಎಲೆ ಬಿಟ್ಟು ಎದ್ದಾರು. ಆದರೆ ಆ ಹೆಸರು ಬಂದದ್ದು ಆಕಾರದಿಂದ ಮಾತ್ರ. ಸಾದಾ ಸುರುಳಿಯಲ್ಲಿರುವುದು ಅಕ್ಕಿ, ನೀರು, ಉಪ್ಪು, ಎಣ್ಣೆ, ತುಸು ಪಿಷ್ಟ. ಸಿಗಡಿಯೋ ಮಾಂಸವೋ ಬೇಕಾದವರಿಗೆ ಅದನ್ನೂ ಒಳಗಿಟ್ಟು ಸುತ್ತಿ ಕೊಡುತ್ತಾರೆ.

ಮಾಡುವ ಬಗೆ ನೀರುದೋಸೆ ಬಲ್ಲವರಿಗೆ ಬೇಗ ತಿಳಿಯುತ್ತದೆ. ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು ತೆಳುವಾಗಿ ಕದಡುತ್ತಾರೆ. ಬಲ್ಲವರು ಹಳೆಯ ಅಕ್ಕಿಯನ್ನೇ ಹುಡುಕುತ್ತಾರೆ. ಹೊಸತಾದರೆ ಸುರುಳಿ ಅಂಟಂಟಾಗುತ್ತದೆ. ಹಬೆಯಾಡುವ ನೀರಿನ ಮೇಲೆ ಹರಡಿದ ಬಟ್ಟೆಗೆ, ಇಲ್ಲವೇ ಮೇಜಿನ ಖಾನೆಯಂತೆ ಎಳೆದು ತೆಗೆಯುವ ಲೋಹದ ತಟ್ಟೆಗೆ ಒಂದು ಸೌಟು ಹಿಟ್ಟು ಹೊಯ್ದು, ಒಂದೆರಡು ನಿಮಿಷ ಬೇಯಿಸಿ, ಚಪ್ಪಟೆ ಅಲಗಿನಿಂದ ಕೆರೆದು, ನೆರಿಗೆ ಬೀಳುವಂತೆ ಸುತ್ತುತ್ತಾರೆ. ಕತ್ತರಿಸಿ ಮೇಲೆ ಸಿಹಿ ಬೆರೆತ ಸೋಯಾ ಸಾಸನ್ನೂ ಎಳ್ಳೆಣ್ಣೆಯನ್ನೂ ಸುರಿಯುತ್ತಾರೆ. ಬರೆಯಲು ಸುಲಭ. ಅಕ್ಕಿಹಿಟ್ಟು ತಳಕ್ಕಿಳಿಯುತ್ತಲೇ ಇರುವುದರಿಂದ ಪ್ರತಿ ಸೌಟಿಗೂ ಕದಡಬೇಕು. ದಿನವಿಡೀ ಹಬೆಯೆದುರು ನಿಲ್ಲಬೇಕು. ಮಾಡಿಟ್ಟ ಸುರುಳಿ ಗಡುಸಾಗುವುದರಿಂದ ಒಬ್ಬೊಬ್ಬ ಗಿರಾಕಿಗೂ ಹೊಸದಾಗಿ ಮಾಡಬೇಕು. ಒಳ್ಳೆಯ ಸುರುಳಿ ನಾಲಿಗೆಯ ಮೇಲೆ ಜಾರುತ್ತದೆ, ಆದರೂ ಹಲ್ಲಿಗೆ ತುಸು ಸಿಗುತ್ತದೆ; ಸಾಸಿನ ಅಡಿಯಲ್ಲಿಯೂ ಅಕ್ಕಿಯ ಪರಿಮಳ ಅಡಗುವುದಿಲ್ಲ. ಕಾರ್ಖಾನೆಯಿಂದ ಬಂದ ಸುರುಳಿಯನ್ನು ಬಿಸಿಮಾಡಿ ಕೊಡುವ ಅಂಗಡಿಗಳೂ ಅಲ್ಲಿ ಬೇಕಾದಷ್ಟಿವೆ. ಅಲ್ಲಿ ಈ ಪರಿಮಳವನ್ನು ಹುಡುಕುವುದು ವ್ಯರ್ಥ.

ಇಂಥ ಸಣ್ಣ ಅಂಗಡಿಗಳ ವ್ಯಾಪಾರಿಗಳನ್ನು ಸಿಂಗಪುರದಲ್ಲಿ ಹಾಕರ್ ಎನ್ನುತ್ತಾರೆ. 1970ರ ದಶಕದಿಂದ 1980ರ ದಶಕದ ನಡುವಿನವರೆಗೆ ಸರ್ಕಾರ ಅವರನ್ನು ಬೀದಿಯಿಂದ ನಲ್ಲಿ, ಚರಂಡಿಗಳಿರುವ ಸೂರಿನಡಿಗೆ ತಂದಿತು. ಮೊದಲ ತಲೆಮಾರಿನವರಿಗೆ ರಿಯಾಯಿತಿ ಬಾಡಿಗೆಯೂ ದೊರೆಯಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಯವರಲ್ಲಿ ಅರ್ಧದಷ್ಟು ಮಂದಿ ಅರುವತ್ತರ ಆಸುಪಾಸಿನವರು ಅಥವಾ ಅದನ್ನು ದಾಟಿದವರು. ಮಕ್ಕಳು ಓದಿ ಕಚೇರಿ ಸೇರಿದ್ದಾರೆ. ಹಲವು ತಂದೆತಾಯಿಯರ ಬಯಕೆಯೂ ಅದೇ ಆಗಿತ್ತು.

ತಟ್ಟೆಯೊಂದಕ್ಕೆ ಸುಮಾರು ಮೂರರಿಂದ ಐದು ಡಾಲರ್. ಅಂಥ ದುಬಾರಿ ನಗರದಲ್ಲಿ ಈ ಬೆಲೆ ಹೇಗೆ ನಿಂತಿದೆ? ಗಂಡಹೆಂಡಿರು ನಸುಕಿನಿಂದ ದುಡಿದ ಗಂಟೆಗಳಿಗೆ ತಕ್ಕ ಕೂಲಿ ಕಟ್ಟಿಕೊಳ್ಳದಿರುವುದರಿಂದ. ಅಕ್ಕಿಯ ಬೆಲೆಯನ್ನು ನಾವು ತೆತ್ತೆವು. ಕೈಯ ಬೆಲೆಯಲ್ಲಿ ಒಂದು ಪಾಲನ್ನು ಅವರೇ ತೆತ್ತರು. ಲೆಕ್ಕ ಚುಕ್ತಾ ಆಯಿತೆಂದು ನಮಗೆ ಅನ್ನಿಸುವುದಿಲ್ಲ. ತಂಪುಕೋಣೆಯಲ್ಲಿ ಕುಳಿತು ಆರು ಡಾಲರಿನ ಕಾಫಿ ಕುಡಿದವನೇ, ಸುರುಳಿಗೆ ಐವತ್ತು ಸೆಂಟ್ ಏರಿದೊಡನೆ ಕಾಲ ಕೆಟ್ಟಿತೆಂದು ಕೊರಗುವುದುಂಟು.

ಕುಶಲಕರ್ಮಿಗೆ ಕೆಲಸದ ಆನಂದವೇ ಕೂಲಿ ಎನ್ನುವವರಿದ್ದಾರೆ. ಆನಂದವಿರುವುದು ನಿಜ, ಕರಿಹಲಗೆಯೆದುರು ನಾವೂ ಅದನ್ನು ಕಂಡವರೇ. ಆದರೆ ಆ ಮಾತನ್ನು ಆಡುವ ಹಕ್ಕು ಮಾಡುವವನದು. ತಿನ್ನುವವನು ಆಡಿದರೆ ಅದು ಚೌಕಾಸಿಯಾಗುತ್ತದೆ.

ಇದಕ್ಕಿಂತ ತೊಡಕಿನ ಪ್ರಶ್ನೆಯೊಂದಿದೆ. ಈ ಕೈಕೆಲಸ ಉಳಿಯಲಿ ಎಂದು ಬಯಸುವ ಹಕ್ಕಾದರೂ ನಮಗೆಷ್ಟಿದೆ? ಉಳಿಯಲಿ ಎಂದರೆ ಯಾರದೋ ಮಗ ಬೆಳಗಿನ ಜಾವ ಎದ್ದು ಅಕ್ಕಿ ಅರೆಯಲಿ ಎಂದರ್ಥ, ನಮ್ಮ ಮಗನಲ್ಲ. ಗಡಿನಾಡಿನವರಾದ ನಮಗೆ ಈ ಇಬ್ಬಂದಿ ಹೊಸತಲ್ಲ. ಕನ್ನಡ ಶಾಲೆ ಮುಚ್ಚಬಾರದೆಂದು ವೇದಿಕೆಯಲ್ಲಿ ಗುಡುಗುವವರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಕೇಳುವುದು ನಮ್ಮ ಸಮ್ಮೇಳನಗಳಲ್ಲಿ ಅಸಭ್ಯತೆಯೆನಿಸಿದೆ. ಬಡವರ ಮಕ್ಕಳು ಭಾಷೆಯನ್ನು ಉಳಿಸಿಕೊಡಲಿ ಎಂಬ ನಿರೀಕ್ಷೆಗೂ, ಹಾಕರನ ಮಗ ರುಚಿಯನ್ನು ಉಳಿಸಿಕೊಡಲಿ ಎಂಬ ನಿರೀಕ್ಷೆಗೂ ಹೆಚ್ಚು ಅಂತರವಿಲ್ಲ. ಪರಂಪರೆಯೆಂಬ ಘನವಾದ ಪದವನ್ನು ಇನ್ನೊಬ್ಬರ ಹೆಗಲಿಗೇರಿಸುವುದು ಬಹು ಸುಲಭ.

ಹಾಗೆಂದು ಮುಖ ಬಾಡಿಸಿಕೊಂಡು ತಿಂದರೆ ಯಾರಿಗೇನು ಲಾಭ? ಮಾಡಿದವನು ಬಯಸುವುದು ಬಿಸಿಯಿರುವಾಗಲೇ ಸವಿದು ತಿನ್ನುವ ಗಿರಾಕಿಯನ್ನು. ತೃಪ್ತಿಯಿಂದ ತಿನ್ನುವುದೂ ಒಂದು ಮರ್ಯಾದೆಯೇ. ಬೆಲೆ ಏರಿದಾಗ ಗೊಣಗದೆ ಕೊಡಬೇಕು, ಅವನ ಮಗಳು ಬೇರೆ ವೃತ್ತಿ ಹಿಡಿದರೆ ಹರಸಬೇಕು. ಇದಕ್ಕಿಂತ ಹೆಚ್ಚಿನದನ್ನು ಕೊಡಬಲ್ಲವರು, ಒಪ್ಪಿ ತಾವೇ ಆ ಸೌಟು ಹಿಡಿದವರು.

ಅಂಥವರೂ ಅಲ್ಲಿದ್ದಾರೆ. ಕಚೇರಿಯ ಕೆಲಸವನ್ನು ತೊರೆದು ಹಾಕರ್ ಅಂಗಡಿ ತೆರೆದ ಯುವಕ ಯುವತಿಯರುಂಟು. ಹೊಸಬರಿಗೆ ತರಬೇತಿ ಕೊಡುವ ಯೋಜನೆಗಳನ್ನು ಸರ್ಕಾರವೂ ನಡೆಸುತ್ತಿದೆ. ಇಂಥ ಅಂಗಡಿಗಳಲ್ಲಿ ಬೆಲೆ ತುಸು ಹೆಚ್ಚಿರುವುದುಂಟು, ಸಾಲೂ ಉದ್ದವಿರುವುದುಂಟು. ಆ ದಿನದ ಹಿಟ್ಟು ಮುಗಿದೊಡನೆ ಅಂಗಡಿ ಮುಚ್ಚುತ್ತಾರೆ. ತಡವಾಗಿ ಬಂದವರು ಬರಿಗೈಯಲ್ಲಿ ಮರಳುತ್ತಾರೆ. ಅದರಲ್ಲಿ ನಮಗೆ ಯಾವ ಅನ್ಯಾಯವೂ ಕಾಣುವುದಿಲ್ಲ.