ಇಂದಿನ ಚಿಂತನೆ: ‘ಕಾಸ್ತಾ’ ಮತ್ತು ಶೀಲ



ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ಮಗಳು ನಿನ್ನೆ ರಾತ್ರಿ ಒಂದು ಪದ ತೋರಿಸಿದಳು: ‘ಕಾಸ್ತಾ’. ನಾಮಪದವಾದರೆ ವಂಶ, ತಳಿ, ಜಾತಿ. ಹೆಣ್ಣಿನ ಗುಣ ಹೇಳುವಾಗ ಅದೇ ಪದಕ್ಕೆ ‘ಶೀಲವಂತೆ’ ಎಂಬ ಅರ್ಥ. “ಎರಡಕ್ಕೂ ಒಂದೇ ಪದ ಯಾಕಪ್ಪಾ?” ಎಂದಳು.

ಪೋರ್ಚುಗೀಸ್ ಭಾಷೆಯಲ್ಲೂ ಈ ಪದವಿದೆ. ಪೋರ್ಚುಗೀಸರು ಇಲ್ಲಿಗೆ ಬಂದು ನಮ್ಮ ಜಾತಿಗಳನ್ನು ‘ಕಾಸ್ತಾ’ ಎಂದು ಕರೆದರು. ಇಂಗ್ಲಿಷಿನ ‘ಕಾಸ್ಟ್’ ಬಂದದ್ದು ಅಲ್ಲಿಂದ. ಎರಡು ಅರ್ಥಗಳ ಬೇರು ಒಂದೇ ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಬದುಕಿನಲ್ಲಿ ಅವುಗಳ ನಂಟನ್ನು ಬಾಬಾಸಾಹೇಬರು 1916ರಲ್ಲೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದರು. ಜಾತಿಯ ಜೀವಾಳ ಸ್ವಜಾತಿ ವಿವಾಹ. ಅದನ್ನು ಉಳಿಸಲೆಂದೇ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಬಂದವು. ಹೆಣ್ಣಿಗೆ ಕಾವಲಿಡದೆ ಜಾತಿ ಉಳಿಯದು.

ನಮ್ಮ ‘ಶೀಲ’ಕ್ಕೂ ಎರಡು ಅರ್ಥ. ಊರವರ ಬಾಯಲ್ಲಿ ಅದು ಹೆಣ್ಣಿಗೆ ಮಾತ್ರ ಹೊರಿಸಿದ ಹೊರೆ. ವಿಹಾರದಲ್ಲಿ ನಾವು ಸ್ವೀಕರಿಸುವ ಪಂಚಶೀಲ ಗಂಡಿಗೂ ಹೆಣ್ಣಿಗೂ ಒಂದೇ: ಕೊಲ್ಲದಿರುವುದು, ಕದಿಯದಿರುವುದು, ಕಾಮದಲ್ಲಿ ತಪ್ಪಿ ನಡೆಯದಿರುವುದು, ಸುಳ್ಳಾಡದಿರುವುದು, ಮದ್ಯ ಮುಟ್ಟದಿರುವುದು. ಅದರಲ್ಲಿ ಕುಲದ ಮಾತೇ ಇಲ್ಲ.

ಆದರೂ ಸಂಜೆ ತಡವಾಗಿ ಬಂದ ಮಗನನ್ನು ಏನೂ ಕೇಳದ ನಾನು, ಮಗಳನ್ನು “ಎಲ್ಲಿದ್ದೆ?” ಎಂದು ಕೇಳುತ್ತೇನೆ. ದೀಕ್ಷೆ ಪಡೆದ ನಮ್ಮ ಮನೆಗಳಲ್ಲೂ, ಮಗಳು ಮೆಚ್ಚಿದ ಹುಡುಗನ ಬಗ್ಗೆ ಮೊದಲ ಪ್ರಶ್ನೆ “ಯಾವ ಪೈಕಿ?” ಎಂದೇ. “ನಡತೆ ಹೇಗೆ?” ಎಂಬುದು ಆಮೇಲೆ.

ಮಗಳಿಗೆ ಬಾಬಾಸಾಹೇಬರ ಮಾತು ತಿಳಿಸಿ ಹೇಳಿದೆ. ಅದು ಸುಲಭ. ನಾಳೆ ಅವಳ ಮದುವೆಯ ಮಾತು ಬಂದಾಗ ನಾನು ಮೊದಲು ಏನು ಕೇಳುತ್ತೇನೋ ಅದೇ ನನ್ನ ನಿಜವಾದ ಉತ್ತರ.

ಭವತು ಸಬ್ಬ ಮಂಗಲಂ.