ರತ್ನಗಳ ನಡುವೆ ಒಂದು ಕೆಂಪು ನಕ್ಷತ್ರ

ಕರ್ತನು ನಕ್ಷತ್ರಗಳ ಲೆಕ್ಕವನ್ನೂ ಹೆಸರುಗಳನ್ನೂ ಬಲ್ಲನೆಂಬ ಸಾಕ್ಷಿಯು 147ನೇ ಕೀರ್ತನೆಯಲ್ಲಿ ಉಂಟು. ಅದಕ್ಕೆ ತುಸು ಮುಂಚೆ ಅದೇ ಕೀರ್ತನೆಯು ಎದೆಯೊಡೆದವರ ಗಾಯಕ್ಕೆ ಆಗುವ ಉಪಚಾರವನ್ನು ಕುರಿತು ಹೇಳುತ್ತದೆ. ಈ ಎರಡು ಮಾತುಗಳು ಒಂದರ ಬಳಿಯಲ್ಲಿ ಒಂದು ಇರುವದು ಯಾಕೆಂದು ಯೋಚಿಸೋಣ.

ಮೇ ತಿಂಗಳಲ್ಲಿ ರಾತ್ರಿ 9 ಗಂಟೆಯ ಸುಮಾರಿಗೆ ತೆಂಕಣ ದಿಕ್ಕನ್ನು ನೋಡಿರಿ. ಬಾನಂಚಿಗೆ ಸಮೀಪವಾಗಿ ನಾಲ್ಕು ನಕ್ಷತ್ರಗಳು ಶಿಲುಬೆಯಂತೆ ನಿಂತಿರುತ್ತವೆ. ಅದರ ಎಡತೋಳಿನ ಹತ್ತಿರ ಮಂಕಾದ ಒಂದು ಚುಕ್ಕೆ ಉಂಟು. ಅದು ಒಂದೇ ನಕ್ಷತ್ರವಲ್ಲ, ಸುಮಾರು 100 ನಕ್ಷತ್ರಗಳ ಗುಂಪು. ಲಕಾಯ್ ಎಂಬ ಫ್ರೆಂಚ್ ಪಂಡಿತನು 1751-52ರಲ್ಲಿ ಆಫ್ರಿಕದ ಕೇಪಿನಿಂದ ಅದನ್ನು ಕಂಡು ಬರೆದಿಟ್ಟನು. 1834ರಿಂದ ಅಲ್ಲಿಯೇ ಆಕಾಶವನ್ನು ಶೋಧಿಸಿದ ಜಾನ್ ಹರ್ಷೆಲನು ಅದನ್ನು ರತ್ನಾಭರಣಕ್ಕೆ ಹೋಲಿಸಿದನು. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟುವದಕ್ಕೆ ಸುಮಾರು 6,400 ವರುಷ ಬೇಕು.

ದೂರದರ್ಶಕದಿಂದ ನೋಡಿದರೆ, ಆ ಗುಂಪಿನಲ್ಲಿ ಹೊಳೆಯುವ ನಕ್ಷತ್ರಗಳು ಹೆಚ್ಚಾಗಿ ನೀಲ ಛಾಯೆಯವು. ನಡುವೆ ಒಂದು ಕೆಂಡದಂತೆ ಕೆಂಪಾಗಿದೆ. ಡಿ.ಯು. ಕ್ರೂಸಿಸ್ ಎಂಬ ಈ ಮಹಾನಕ್ಷತ್ರದ ಕಾಂತಿಯು ಕ್ರಮವಿಲ್ಲದೆ ಏರುತ್ತಾ ಇಳಿಯುತ್ತಾ ಇರುವದು. ಇವೆಲ್ಲವೂ ಒಡಹುಟ್ಟಿದವರಂತೆ ಒಂದೇ ಕಾಲದಲ್ಲಿ ಹುಟ್ಟಿದವು. ಹೀಗಿರಲಾಗಿ ಇದಕ್ಕೆ ಮಾತ್ರ ಮುಪ್ಪು ಬಂದದ್ದು ಯಾಕೆ? ಯಾಕಂದರೆ ಭಾರವಾದ ನಕ್ಷತ್ರಕ್ಕೆ ಆದಾಯ ಹೆಚ್ಚು, ವೆಚ್ಚವು ಅದಕ್ಕಿಂತಲೂ ಹೆಚ್ಚು. ದೊಡ್ಡ ಬತ್ತಿಯು ಎಣ್ಣೆಯನ್ನು ಬೇಗನೆ ಕುಡಿಯುವದಲ್ಲವೇ? ನಮ್ಮ ಸೂರ್ಯನು ಸುಮಾರು 460 ಕೋಟಿ ವರುಷಗಳಿಂದ ಶಾಂತವಾಗಿ ಉರಿಯುತ್ತಿದ್ದಾನೆ. ಈ ಗುಂಪಿನ ವಯಸ್ಸನ್ನು ಸುಮಾರು 1 ಕೋಟಿ 40 ಲಕ್ಷ ವರುಷವೆಂದು ಎಣಿಸುತ್ತಾರೆ. ಆದರೂ ಕೆಂಪು ನಕ್ಷತ್ರವು ಆಗಲೇ ತನ್ನ ಕಡೇ ಕಾಲವನ್ನು ಮುಟ್ಟಿದೆ.

ಸಹೋದರರೇ, ಸಾಹುಕಾರನ ಮನೆಯ ದೀಪವನ್ನು ಕಂಡು ನಿಮ್ಮ ಹಣತೆಯನ್ನು ಹಳಿಯಬೇಡಿರಿ. ಮಗಳ ಮದುವೆಯಲ್ಲಿ ನೆರೆಯವರಿಗೆ ಸರಿಸಮಾನರಾಗಿ ತೋರಬೇಕೆಂದು ಹೊಲವನ್ನು ಅಡವಿಡುವವರು ನಮ್ಮಲ್ಲಿ ಇಲ್ಲವೋ? ಮೂರು ದಿನದ ಮೆರವಣಿಗೆಗಾಗಿ ಮಕ್ಕಳ ಕಾಲದ ವರೆಗೂ ಬಡ್ಡಿ ತೆರಬೇಕಾಗುವದು. ಅಂಥ ಬೆಳಕು ಮನೆಯನ್ನು ಬೆಳಗಿಸದೆ ಸುಡುತ್ತದೆ.

ಆದರೆ ಈಗಾಗಲೇ ಸಾಲದಲ್ಲಿ ಬಿದ್ದು ಮುರಿದವನು ಏನು ಮಾಡಬೇಕು? ಅವನೂ ಕೇಳಲಿ. ಇಂಥ ಮಹಾನಕ್ಷತ್ರವು ಸಿಡಿಯುವಾಗ ತನ್ನೊಳಗೆ ಹುಟ್ಟಿದ ಧಾತುಗಳನ್ನು ಆಕಾಶದಲ್ಲಿ ಚೆಲ್ಲುತ್ತದೆ. ನಾವು ಸೇದುವ ಆಮ್ಲಜನಕದ ಬಹುಭಾಗವು ಪೂರ್ವಕಾಲದಲ್ಲಿ ಹೀಗೆ ಸಿಡಿದ ನಕ್ಷತ್ರಗಳಿಂದಲೇ ಬಂದದ್ದು. ಒಡೆದ ನಕ್ಷತ್ರವನ್ನು ನಮ್ಮ ಉಸಿರಾಗಿ ಮಾಡಿದ ದೇವರು ಒಡೆದ ಮನುಷ್ಯನನ್ನು ಎಸೆದುಬಿಡುವನೋ? ಆ ಕೀರ್ತನೆಯಲ್ಲಿ ಎರಡು ಮಾತುಗಳು ಜೊತೆಯಾಗಿರುವದು ಇದಕ್ಕಾಗಿಯೇ. ಆದದರಿಂದ ಅವನು ತನ್ನ ಸಾಲವನ್ನು ಮರೆಮಾಡದೆ ಸಭೆಯ ಹಿರಿಯರಿಗೆ ತಿಳಿಸಲಿ. ಸಭೆಯವರು ನಗದೆ ಅವನ ಕೈ ಹಿಡಿಯಲಿ. ಆಮೆನ್.