ಅಳದ ಕೂಸು

‘ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು’ ಎಂಬ ಗಾದೆಯನ್ನು ನಾವು ಹೇಳುವುದು ಹೆಚ್ಚಾಗಿ ದೊಡ್ಡವರಿಗೆ: ಸಂಬಳ ಹೆಚ್ಚಿಸಿ ಎನ್ನಲು ಹಿಂಜರಿಯುವವನಿಗೆ, ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಸುಮ್ಮನೆ ಕೂತವನಿಗೆ. ಅಲ್ಲಿ ಅದು ಸರಿಯಾದ ಬುದ್ಧಿಮಾತೇ. ಆದರೆ ಹಸುಗೂಸಿನ ತೊಟ್ಟಿಲ ಬಳಿ ಈ ಮಾತನ್ನು ನಂಬಿ ಕೂರುವಂತಿಲ್ಲ. ಅಳುವುದನ್ನು ಬಿಟ್ಟ ಕೂಸನ್ನೇ ಅಲ್ಲಿ ಮೊದಲು ಎತ್ತಿಕೊಳ್ಳಬೇಕು.

ನನ್ನ ತಂಗಿಯ ಮಗ ಹುಟ್ಟಿ ಎರಡನೇ ವಾರ. ಬಾಣಂತಿಯನ್ನು ನೋಡಲು ಬಂದವರೆಲ್ಲ “ಎಷ್ಟು ಸಾಧು ಮಗು, ಅಳೋದೇ ಇಲ್ಲ” ಎಂದು ಮೆಚ್ಚಿದರು. ಹಿಂದಿನ ದಿನದವರೆಗೂ ಕೇರಿಗೆಲ್ಲ ಕೇಳುವಂತೆ ಅಳುತ್ತಿದ್ದ ಮಗು ಅದು. ಮೊಲೆ ಬಾಯಿಗಿಟ್ಟರೆ ಒಂದೆರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಭೇಟಿಗೆಂದು ಬಂದ ಆಶಾ ಕಾರ್ಯಕರ್ತೆ ಅಂಗಾಲು ಮುಟ್ಟಿ ನೋಡಿದವಳೇ, “ಅಮ್ಮಾ, ಇದು ಸಾಧುತನ ಅಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ” ಎಂದು ನಮ್ಮಮ್ಮನಿಗೆ ಹೇಳಿದಳು. ಸೋಂಕು ರಕ್ತಕ್ಕೆ ಏರಿತ್ತು.

ಅವಳ ಆ ತಿಳಿವಳಿಕೆಯ ಹಿಂದೆ ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿ ಹೆಂಗಸರಿದ್ದಾರೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಅವರಿಗೆ ಮನೆಮನೆಗೆ ಹೋಗಿ ಶಿಶುಗಳನ್ನು ನೋಡುವುದನ್ನು ಕಲಿಸಿದರು. ಚೆನ್ನಾಗಿದ್ದ ಅಳು ಕುಗ್ಗಿತೇ ಅಥವಾ ನಿಂತಿತೇ? ಹಾಲು ಚೀಪುವುದು ಕಡಿಮೆಯಾಯಿತೇ? ಮಂಪರು ಕವಿದಿದೆಯೇ? ಮೈ ಸುಡುತ್ತಿದೆಯೇ, ತಣ್ಣಗಾಗಿದೆಯೇ? ಇಂಥ ಗುರುತುಗಳ ಮೇಲೆಯೇ ಅವರು ಸೋಂಕು ಪತ್ತೆಮಾಡಿ, ಜೆಂಟಾಮೈಸಿನ್ ಚುಚ್ಚುಮದ್ದನ್ನೂ ಕೊಟ್ಟರು. ಅಲ್ಲಿ ನವಜಾತ ಶಿಶು ಮರಣ ಶೇ. 62ರಷ್ಟು ಇಳಿದದ್ದನ್ನು 1999ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. 2011ರಿಂದ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ಮಗುವಿಗೆ 42 ದಿನ ತುಂಬುವವರೆಗೆ ಮನೆಗೆ ಬಂದು ನೋಡಿಹೋಗುತ್ತಿದ್ದಾರೆ. ಮಾತು ಬಾರದ ಜೀವದ ಪರವಾಗಿ ಕೇಳುವ ಇವರ ದುಡಿಮೆಗೆ ನಾವು ಕೊಡುವ ಗೌರವ ತೀರಾ ಕಡಿಮೆ.

ಆಸ್ಪತ್ರೆಯಲ್ಲಿ ಆ ಮಗು ಹಾಲನ್ನು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ ತಂಗಿ ಹೊತ್ತುಹೊತ್ತಿಗೆ ಹಾಲು ಹಿಂಡಿ ಕೊಡುತ್ತಿದ್ದಳು. ಮೊದಲು ಮೂಗಿನ ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ತೊಟ್ಟುತೊಟ್ಟಾಗಿ. ಒಂದು ಮುಂಜಾನೆ ಒಳಲೆ ತರುವುದು ತುಸು ತಡವಾದಾಗ ಮಗು ಮುಖ ಕೆಂಪೇರಿಸಿಕೊಂಡು ಅತ್ತಿತು. “ಇನ್ನು ಎದೆಗೆ ಹಾಕಿಕೊಳ್ಳಿ” ಎಂದರು ನರ್ಸಮ್ಮ.

ಮನೆಗೆ ಕರೆತಂದ ಮಾತ್ರಕ್ಕೆ ಕಾಯಿಲೆ ಮುಗಿಯಲಿಲ್ಲ. ಇಂಥ ಸೋಂಕು ಮೆದುಳಿನ ಪೊರೆಗೆ ಹಬ್ಬಿದರೆ ಕಿವಿಗೆ ಪೆಟ್ಟು ಬೀಳಬಹುದು. ಜೀವ ಉಳಿಸುವ ಕೆಲವು ಔಷಧಗಳಿಂದಲೂ ಒಮ್ಮೊಮ್ಮೆ ಹಾಗಾಗುತ್ತದೆ. ಕಿವಿ ಕೇಳಿಸದ ಕೂಸು ಅದನ್ನು ಅತ್ತು ಹೇಳಲಾರದು. ದೊಡ್ಡವರೇ ಕರೆದೊಯ್ದು ಪರೀಕ್ಷೆ ಮಾಡಿಸಬೇಕು. ನಮ್ಮವನ ಕಿವಿ ಸರಿಯಿತ್ತು. ಕತ್ತು ನಿಂತಿತೇ, ಕೂತನೇ, ದನಿ ಬಂದತ್ತ ತಿರುಗುವನೇ ಎಂದು ವೈದ್ಯರು ಪ್ರತಿ ಸಲವೂ ಕೇಳುತ್ತಿದ್ದರು. ಕೂರುವುದು ತುಸು ತಡವಾಯಿತು, ನಡಿಗೆ ಸಕಾಲಕ್ಕೆ ಬಂತು. ಈಗ ಅಂಗನವಾಡಿಗೆ ಹೋಗುತ್ತಿದ್ದಾನೆ.